ಎಡಕ್ಕೆ ಬಿದ್ದ ಹೂವು

ನಮ್ಮ ಮನೆದೇವರು ವೀರಭದ್ರನ ಮೇಲೆ ನಾನು ಸಿಟ್ಟು ಮಾಡಿಕೊಂಡು ಆರು ತಿಂಗಳಾಗಿತ್ತು. ಮನೆಯಲ್ಲಿ ದೀಪ ಹಚ್ಚುವುದನ್ನೂ ಬಿಟ್ಟಿದ್ದೆ. ಆ ಸಿಟ್ಟು ಅನುಮಾನಕ್ಕೆ ತಿರುಗಿದ್ದು ಸಿ.ಡಿ. ನೋಡಿದ ಮೇಲೆ.

ನಮ್ಮ ಯಜಮಾನರು ರೇಣುಕಪ್ಪನವರಿಗೆ ಹೃದಯದ ಆಪರೇಷನ್ ಆಗಲೇಬೇಕು ಅಂತ ಡಾಕ್ಟರು ಹೇಳಿದ್ದರು. ನಾನು ಬ್ಯಾಗು ತುಂಬಿ ಇಟ್ಟಿದ್ದೆ. ಇವರು ಮಾತ್ರ, ದೇವರನ್ನು ಒಂದು ಮಾತು ಕೇಳಿಬಿಡೋಣ ಅಂದರು. ನಮ್ಮ ಎನ್.ಆರ್. ಪುರದ ಕಡೆ ಬಾವಿ ತೋಡುವುದಕ್ಕೂ ಹೂವಿನ ಪ್ರಸಾದ ಕೇಳುವ ಮನೆತನ ನಮ್ಮದು. ದೇವರ ಮೈಗೆ ಒದ್ದೆ ಹೂವು ಅಂಟಿಸಿ ಕೇಳುವುದು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಹೂವು ಎಡಕ್ಕೆ ಬಿತ್ತು. ನಾನು ಬ್ಯಾಗು ಬಿಚ್ಚಿ ಬಟ್ಟೆ ಒಳಗಿಟ್ಟೆ. ಮೂರು ತಿಂಗಳಿಗೆ ಇವರು ಹೋದರು.

ಪ್ರಸಾದ ಕೇಳಿದ ದಿನ ಮಗಳು ಸಿರಿ ಹೊಸ ಹ್ಯಾಂಡಿಕ್ಯಾಮ್ ತಂದು ಎಲ್ಲವನ್ನೂ ಹಿಡಿದಿದ್ದಳು. ಪೂಜೆಯ ಜಯದೇವಪ್ಪ, ಗರ್ಭಗುಡಿಯನ್ನೆಲ್ಲ ಹಿಡಿಯಬಾರದು ಅಂತ ಗೊಣಗಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಅಪ್ಪನ ಮುಖ ನೋಡಬೇಕು ಅಂತ ಸಿರಿ ಮೊನ್ನೆ ಸಿ.ಡಿ. ಹಾಕಿದಾಗ ನನ್ನ ಕಣ್ಣೆಲ್ಲ ಹೂವಿನ ಮೇಲೇ. ನಿಲ್ಲಿಸು ಅಂದೆ, ಹಿಂದೆ ಓಡಿಸು ಅಂದೆ. ವಿಭೂತಿ ಹಚ್ಚುವ ನೆಪದಲ್ಲಿ ಜಯದೇವಪ್ಪನ ಹೆಬ್ಬೆರಳು ಹೂವನ್ನು ಎಡಕ್ಕೆ ಸವರುತ್ತದೆ. ಆಮೇಲೆ ಹೂವು ಬೀಳುತ್ತದೆ.

ಹಾಗಾದರೆ ನಾನು ಹುಟ್ಟಿದಾಗಿನಿಂದ ಮಾತಾಡಿದ್ದು ಇವನ ಹೆಬ್ಬೆರಳಿನ ಜೊತೆಗೋ? ಮೈ ಉರಿದುಹೋಯಿತು. ಬೆಳಗಿನ ಬಸ್ಸಿಗೇ ದೇವಸ್ಥಾನಕ್ಕೆ ಹೋದೆ. ಅವನು ಅಂಗಳ ಗುಡಿಸುತ್ತಿದ್ದ. ಸಿ.ಡಿ.ಯ ಸಂಗತಿ ಹೇಳಿದೆ. ಪೊರಕೆ ಗೋಡೆಗೆ ಒರಗಿಸಿದ.

"ಹಿಂದಿನ ದಿನ ನಿಮ್ಮ ಯಜಮಾನ್ರು ಬಂದಿದ್ರು, ಗಂಗಮ್ಮ. ಎದೆ ಕೊಯ್ಸ್ಕಳಕ್ಕೆ ಹೆದ್ರಿಕೆ, ನಾನು ಬೇಡ ಅಂದ್ರೆ ಗಂಗೆ ಕೇಳಲ್ಲ, ದೇವ್ರ ಕೈಲಿ ಹೇಳ್ಸು ಮಾರಾಯ ಅಂತ ಅತ್ರು."

ಸತ್ತವರ ಮೇಲೆ ಹಾಕುವುದು ಸುಲಭ, ಅವರೇನು ಎದ್ದು ಬಂದು ಇಲ್ಲ ಅನ್ನುತ್ತಾರೆಯೇ ಅಂತ ಅಂದು ಬಂದೆ. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ಮನೆಗೆ ಬಂದವಳೇ ಮತ್ತೆ ಸಿ.ಡಿ. ಹಾಕಿಸಿದೆ. ಈ ಸಲ ಹೂವನ್ನು ನೋಡಲಿಲ್ಲ, ಕಂಬದ ಪಕ್ಕ ನಿಂತ ಇವರನ್ನು ನೋಡಿದೆ.

ಎಲ್ಲರೂ ಹೂವನ್ನು ನೋಡುತ್ತಿದ್ದಾರೆ, ಇವರೊಬ್ಬರು ನನ್ನನ್ನು ನೋಡುತ್ತಿದ್ದಾರೆ. ಜಯದೇವಪ್ಪ ಇನ್ನೂ ವಿಭೂತಿ ತಟ್ಟೆಗೆ ಕೈ ಹಾಕಿಲ್ಲ. ಹೂವು ಇದ್ದಲ್ಲೇ ಇದೆ. ಇವರು ಆಗಲೇ ನಿರಾಳವಾಗಿ ಉಸಿರು ಬಿಟ್ಟು ಕೈ ಮುಗಿದಾಗಿದೆ.

"ಅಮ್ಮ, ಅಪ್ಪಂಗೆ ಮೊದ್ಲೇ ಗೊತ್ತಿತ್ತಾ?" ಅಂದಳು ಸಿರಿ.

ಟಿ.ವಿ.ಯಲ್ಲಿ ನನ್ನದೇ ಗಟ್ಟಿ ದನಿ ಕೇಳುತ್ತಿತ್ತು. ಆಪರೇಷನ್ ಮಾಡಿಸಲಾ ತಂದೆ, ಬೇಡವಾ ಅಂತ ಮೂರು ಮೂರು ಸಲ ದೇವರನ್ನು ಕೇಳುತ್ತಿದ್ದೆ. ಪಕ್ಕದಲ್ಲೇ ನಿಂತಿದ್ದ ಇವರನ್ನು ನಾನು ಒಂದು ಸಲವೂ ಕೇಳಿರಲಿಲ್ಲ.