ಗ್ರಂಥಾಲಯದ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿ

ನಮ್ಮೂರ ಗ್ರಂಥಾಲಯದಲ್ಲಿ ಯಾರಿದ್ದಾರೆಂದು ತಿಳಿಯಲು ಒಳಗೆ ಬರಬೇಕಾಗಿಲ್ಲ. ಮೆಟ್ಟಿಲ ಮೇಲಿನ ಚಪ್ಪಲಿ ನೋಡಿದರೆ ಸಾಕು. ಟೈರಿನ ಅಟ್ಟೆ ಕಂಡರೆ ಬೈರ ಪೇಪರ್ ಓದುತ್ತಿದ್ದಾನೆ, ಹಿಮ್ಮಡಿ ಸವೆದ ಕರೀ ಜೋಡು ಕಂಡರೆ ನಿವೃತ್ತ ಮಾಸ್ತರರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾರೆ. ಚಪ್ಪಲಿ ಹೊರಗೆ ಬಿಡುವ ಈ ನಿಯಮ ಸರ್ಕಾರದ್ದಲ್ಲ, ನಮ್ಮ ಗ್ರಂಥಾಲಯ ಸಮಿತಿಯ ಹಿರಿಯ ದ್ಯಾಮಪ್ಪಗೌಡರದ್ದು. ಉದ್ಘಾಟನೆಯ ದಿನ ಸರಸ್ವತಿಯ ಪಟ ತಂದು ಗೋಡೆಗೆ ಮೊಳೆ ಹೊಡೆಸಿ, "ಇದು ದೇವಿ ಕುಂತ ಜಾಗ. ಮಂತ್ರಿ ಬಂದ್ರೂ ಚಪ್ಪಲಿ ಹೊರಗ" ಎಂದು ಅಪ್ಪಣೆ ಕೊಟ್ಟರು. ಮಂತ್ರಿ ಇವತ್ತಿನವರೆಗೆ ಬಂದಿಲ್ಲ. ನಿಯಮ ಉಳಿದಿದೆ.

ನಾನು ದಾಕ್ಷಾಯಿಣಿ, ಮೇಲ್ವಿಚಾರಕಿ. ಹೆಸರು ದೊಡ್ಡದು. ಕಸ ಹೊಡೆಯುವವಳೂ ನಾನೇ, ಪೇಪರಿಗೆ ಮುದ್ರೆ ಒತ್ತುವವಳೂ ನಾನೇ, ಮಕ್ಕಳ ಪುಸ್ತಕದಿಂದ ಹುಲಿಯ ಚಿತ್ರ ಹರಿದುಕೊಂಡು ಹೋದವರ ಮನೆಗೆ ಹೋಗಿ ಜಗಳ ಕಾಯುವವಳೂ ನಾನೇ. ನನ್ನ ಬಾಯಿ ಜೋರು ಎಂದು ಊರಲ್ಲಿ ಹೇಳುತ್ತಾರೆ. ಜೋರಿಲ್ಲದಿದ್ದರೆ ಈ ಕಪಾಟುಗಳಲ್ಲಿ ಇಷ್ಟರೊಳಗೆ ಪುಸ್ತಕದ ಬದಲು ಕೋಳಿ ಇರುತ್ತಿದ್ದವು.

ಗಂಡಸರು ಮೇಜಿನ ಸುತ್ತ ಕೂತು ರಾಜ್ಯ ಆಳುವ ಹೊತ್ತಿನಲ್ಲಿ ಹೆಣ್ಣುಮಕ್ಕಳು ಹೊಸ್ತಿಲು ದಾಟುವುದಿಲ್ಲ. ಹಾಗಾಗಿ ಮಧ್ಯಾಹ್ನ ಊಟದ ಬಿಡುವಿನಲ್ಲಿ, ನಾನು ಬಾಗಿಲು ಮುಂದೆ ಮಾಡಿಕೊಂಡು ಡಬ್ಬಿ ಬಿಚ್ಚುವ ಹೊತ್ತಿಗೆ, ಶಿಲ್ಪಾ ಬರುತ್ತಿದ್ದಳು. ಆಕೆ ಇದೇ ದ್ಯಾಮಪ್ಪಗೌಡರ ಸೊಸೆ. ಗ್ರಾಮ ಆಡಳಿತಾಧಿಕಾರಿಯ ಪರೀಕ್ಷೆಗೆ ಓದುತ್ತಿದ್ದಳು. ಗಂಡ ಭರತ್‌ಗೆ ಗೊತ್ತಿತ್ತು, ಅರ್ಜಿ ಹಾಕಿದವನೂ ಅವನೇ. ಆದರೆ ಅಪ್ಪನ ಎದುರು ಅವನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. "ನಮ್ಮ ಮನೀ ಸೊಸಿ ಇನ್ನೊಬ್ಬರ ಮುಂದ ಕೈ ಕಟ್ಟಿ ನಿಲ್ಲೂದಾ?" ಎಂದು ಗೌಡರು ಮದುವೆಯ ವರ್ಷವೇ ಆ ಮಾತು ಮುಗಿಸಿದ್ದರು. ಮನೆಯಲ್ಲಿ ಪುಸ್ತಕ ಬಿಚ್ಚುವ ಹಾಗಿರಲಿಲ್ಲ. ಈ ಭಾನುವಾರ ಶಿರಸಿಯಲ್ಲಿ ಪರೀಕ್ಷೆ. ವಯಸ್ಸಿನ ಮಿತಿ ಈ ಸಲಕ್ಕೆ ಮುಗಿಯುತ್ತಿತ್ತು, ಮತ್ತೊಮ್ಮೆ ಬರೆಯುವಂತಿರಲಿಲ್ಲ.

ದಿನಾ ಮಧ್ಯಾಹ್ನ ಮನೆಯಿಂದ ಹೊರಬೀಳಲು ಒಂದು ನೆಪ ಬೇಕಲ್ಲ? ಗ್ರಂಥಾಲಯದ ಪಕ್ಕಕ್ಕೇ ಬಸವಣ್ಣನ ಗುಡಿ. "ಗುಡಿಗೆ ಹೋಗಿ ಬರ್ತೀನ್ರಿ ಅತ್ತಿ" ಎಂದಿದ್ದಳು. ಅತ್ತೆ ಗುರುಶಾಂತವ್ವನ ಮುಖ ಅರಳಿತಂತೆ. "ಹರಕಿನಾ?" ಎಂದು ಆಕೆಯೇ ಕೇಳಿದರಂತೆ. ಶಿಲ್ಪಾ ತಲೆಯಾಡಿಸಿಬಿಟ್ಟಳು. ಮದುವೆಯಾಗಿ ನಾಲ್ಕು ವರ್ಷವಾದರೂ ತೊಟ್ಟಿಲು ತೂಗದ ಮನೆಯಲ್ಲಿ ಹರಕೆ ಯಾತಕ್ಕೆಂದು ಯಾರೂ ಬಿಡಿಸಿ ಕೇಳುವುದಿಲ್ಲ. ಹರಕೆಯೆಂದರೆ ಬರಿಗಾಲು. ಗುರುಶಾಂತವ್ವ ತಾವೇ ಸೊಸೆಯ ಚಪ್ಪಲಿ ಎತ್ತಿ ಹಿತ್ತಲ ಗೋಡೆಯ ಮೊಳೆಗೆ ನೇತುಹಾಕಿದರು. ಜೊತೆಗೆ ತಾವೂ ಸೋಮವಾರ ಉಪವಾಸ ಹಿಡಿದರು. ಅದು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಆದರೆ ಬರಿಗಾಲಿನವಳು ಮೆಟ್ಟಿಲ ಮೇಲೆ ಏನನ್ನೂ ಬಿಡುವುದಿಲ್ಲ, ಅದರಿಂದ ನಮಗೆ ಅನುಕೂಲವೇ ಆಯಿತು.

ಗುರುವಾರ ಕೆಟ್ಟಿತು. ಎರಡು ದಿನದ ಹಿಂದೆ ಶಿಲ್ಪಾಳ ಹಿಮ್ಮಡಿಗೆ ಮುಳ್ಳು ಮುರಿದು ಕೀವು ತುಂಬಿತ್ತು. ಅತ್ತೆ ತವರಿನವರನ್ನು ನೋಡಲು ಬನವಾಸಿಗೆ ಹೋಗಿದ್ದರು, ಮೂರು ಗಂಟೆಯ ಬಸ್ಸಿಗೆ ವಾಪಸ್. ಮನೆಯಲ್ಲಿ ಯಾರೂ ಇಲ್ಲವೆಂದು ಹುಡುಗಿ ಮೊಳೆಯಿಂದ ಚಪ್ಪಲಿ ಇಳಿಸಿ ಮೆಟ್ಟಿಕೊಂಡು ಬಂದಳು. ಕುಂಟುತ್ತ ಬಂದವಳನ್ನು ನೋಡಿ ನಾನೂ ಕಾಲಿನ ಚಿಂತೆಗೇ ಬಿದ್ದೆ. ಆಕೆ ರೂಢಿಯಂತೆ ಚಪ್ಪಲಿಯನ್ನು ಮೆಟ್ಟಿಲ ಮೇಲೆ, ನನ್ನ ಜೋಡಿನ ಪಕ್ಕ, ಒಪ್ಪವಾಗಿ ಬಿಟ್ಟು ಒಳಗೆ ಬಂದಳು. ಕದ್ದು ಬಂದವಳು ದೇವಿಯ ಮರ್ಯಾದೆ ಮಾತ್ರ ತಪ್ಪಲಿಲ್ಲ!

ಊಟ ಅರ್ಧವಾಗಿತ್ತು. ಹೊರಗಿನಿಂದ ಗೌಡರ ದನಿ ಬಂತು. "ದಾಕ್ಷಾಯಿಣಿಯವರ, ಬಾಗಲಾ ತಗೀರಿ."

ಶಿಲ್ಪಾ ನನ್ನ ಮುಖ ನೋಡಿದಳು. ನಮ್ಮದು ಹಿಂಬಾಗಿಲಿಲ್ಲದ ಒಂದೇ ಕೋಣೆ, ಕಿಟಕಿಗಳಿಗೆ ಕಬ್ಬಿಣದ ಸರಳು. ಕಣ್ಣಲ್ಲೇ ಕೊನೆಯ ಕಪಾಟಿನ ಹಿಂದೆ ಹೋಗೆಂದೆ. ಒಂಟಿಕಾಲಲ್ಲಿ ಹೋದಳು. ನಾನು ಕೈಯನ್ನೂ ತೊಳೆಯದೆ ಬಾಗಿಲು ತೆಗೆದೆ.

ಗೌಡರು ಮೆಟ್ಟಿಲ ಕೆಳಗೆ ನಿಂತಿದ್ದರು. ಯಾವುದೋ ಸಭೆಗೆಂದು ಲೇಸು ಕಟ್ಟುವ ಬೂಟು ಹಾಕಿದ್ದರು. ಅವರ ಕಣ್ಣು ನನ್ನ ಮೇಲಿರಲಿಲ್ಲ, ಮೆಟ್ಟಿಲ ಮೇಲಿತ್ತು.

"ಮಧ್ಯಾಹ್ನ ಬಾಗಲಾ ಹಾಕ್ಕೊಂಡು ಒಳಗ ಏನೋ ನಡೀತದ ಅಂತ ಅಂಗಡಿ ಕಮಲಾಕರ ಹೇಳಿದ. ನಾ ನಂಬಿದ್ದಿಲ್ಲ," ಎಂದರು. "ಎರಡು ಜೋಡು ಅದಾವಲ್ಲ. ಒಳಗ ಯಾರದಾರ?"

"ಯಾರೂ ಇಲ್ರಿ ಗೌಡ್ರ. ಎರಡೂ ನನ್ನವು. ಹಳೇವು ಹರಿಯೂದಕ್ಕ ಬಂದಾವು, ಇನ್ನೊಂದು ತಂದಿಟ್ಟೀನಿ."

ಸುಳ್ಳು ಬಾಯಿಂದ ಸಲೀಸಾಗಿ ಬಂತು. ಸೊಸೆಯ ಕಾಲು ನೋಡುವ ಮಾವನಲ್ಲ ಅವರು, ಆ ಹಸಿರು ಪಟ್ಟಿಯ ಚಪ್ಪಲಿ ಯಾರದೆಂದು ಅವರಿಗೆ ತಿಳಿಯದು. ಅಷ್ಟು ಮಾತ್ರ ನನ್ನ ಕೈಯಲ್ಲಿತ್ತು.

ಗೌಡರು ಒಂದು ಮೆಟ್ಟಿಲು ಹತ್ತಿದರು. ಹೊಸ್ತಿಲ ಬಳಿ ನಿಂತು ಕತ್ತು ಚಾಚಿ ಮೇಜು ನೋಡಿದರು, ಸಾಲು ಕಪಾಟು ನೋಡಿದರು. ಒಳಗೆ ಕಾಲಿಡಲು ಬೂಟು ಬಿಚ್ಚಬೇಕು. ಬಿಚ್ಚಲು ಬಗ್ಗಬೇಕು. ಬಗ್ಗಲು ಹೊಟ್ಟೆ ಬಿಡಬೇಕಲ್ಲ? ಒಮ್ಮೆ ಬೂಟಿನ ಕಡೆ ನೋಡಿದರು, ಒಮ್ಮೆ ಸರಸ್ವತಿಯ ಪಟದ ಕಡೆ. ತಾವೇ ಮಾಡಿದ ನಿಯಮ. ಕಪಾಟಿನ ಹಿಂದೆ ಪುಸ್ತಕವೊಂದು ಸಣ್ಣಗೆ ಸರಿದ ಸದ್ದಾಯಿತು.

"ಇಲಿ," ಎಂದೆ.

"ಇಲಿ," ಎಂದರು ಗೌಡರೂ, ನಂಬದೆ. "ಸರಿ, ನಡೀರಿ ಪಂಚಾಯ್ತಿಗೆ. ಪಿಡಿಓ ಮುಂದ ಮಾತಾಡೂಣು. ಇನ್ನೊಂದು ಜೋಡು ಅಂದ್ರಲ್ಲ, ಅದನ್ನ ಹಾಕ್ಕೋರಿ, ನೋಡೂಣು."

ಹಸಿರು ಚಪ್ಪಲಿಗೆ ಕಾಲು ತೂರಿಸಿದೆ. ನನ್ನದು ಅಗಲ ಪಾದ. ಬೆರಳು ಹೋದವು, ಹಿಮ್ಮಡಿ ಪೂರ್ತಿ ಹೊರಗುಳಿಯಿತು. ಗೌಡರು ತುಟಿ ಬಿಗಿದು ನೋಡಿದರು. ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲು ಎಳೆದು, ಚಿಲಕದಲ್ಲಿ ಚಾವಿ ಸಮೇತ ತೂಗುತ್ತಿದ್ದ ಬೀಗವನ್ನು ಹಾಕಿ ಒತ್ತಿದರು. ಚಾವಿ ಅವರ ಜೇಬಿಗೆ ಹೋಯಿತು. "ಸಮಿತಿ ಕೂಡೂತನ ಇದು ನನ್ನ ಹಂತೇಕ ಇರ್ತದ."

ಹಾಕಬೇಡಿ ಎನ್ನಲು ನನಗೆ ಬಾಯಿಲ್ಲ. ಎಂದರೆ ಒಳಗೆ ಯಾರೋ ಇದ್ದಾರೆಂದು ಒಪ್ಪಿದಂತೆ. ಜೋರುಬಾಯಿಯ ದಾಕ್ಷಾಯಿಣಿ ತುಟಿ ಹೊಲಿದುಕೊಂಡು ಅವರ ಹಿಂದೆ ನಡೆದಳು. ಸಿಟ್ಟಿಗೆ ಅಳು ಬರುತ್ತಿತ್ತು. ಓದುವವಳನ್ನು ಓದುವ ಮನೆಯಲ್ಲೇ ಕೂಡಿಹಾಕಿ ಬಂದೆನಲ್ಲ! ಮೂರರ ಬಸ್ಸಿಗೆ ಅತ್ತೆ ಬರುತ್ತಾರೆ, ಮನೆಯಲ್ಲಿ ಸೊಸೆ ಇಲ್ಲ, ಮೊಳೆಯಲ್ಲಿ ಚಪ್ಪಲಿ ಇಲ್ಲ. ಆಮೇಲೆ ಶಿರಸಿಯೂ ಇಲ್ಲ, ಪರೀಕ್ಷೆಯೂ ಇಲ್ಲ.

ಪಂಚಾಯ್ತಿ ಕಚೇರಿಯೆದುರೇ ಬಸ್ಸು ನಿಲ್ಲುವ ಜಾಗ. ಪಿಡಿಓ ಸಾಹೇಬರು ಊಟಕ್ಕೆ ಹೋದವರು ಬಂದಿರಲಿಲ್ಲ. ಗೌಡರು ಕಟ್ಟೆಯ ಮೇಲೆ ಕೂತರು. ನಾನು ಬಿಸಿಲಲ್ಲಿ ನಿಂತೆ. ಬನವಾಸಿಯ ಬಸ್ಸು ಧೂಳೆಬ್ಬಿಸಿಕೊಂಡು ಬಂತು.

ಗುರುಶಾಂತವ್ವ ಚೀಲ ಹಿಡಿದು ಇಳಿದರು. ದಪ್ಪ ಕುಂಕುಮ, ಇಳಕಲ್ ಸೀರೆ, ನೋಡಿದವರು ದಾರಿ ಬಿಡುವ ಹೆಂಗಸು. "ಯಾಕ ತಂಗಿ, ಬಿಸಲಾಗ ನಿಂತೀದಿ?" ಎನ್ನುತ್ತ ಹತ್ತಿರ ಬಂದವರು ನನ್ನ ಕಾಲು ನೋಡಿ ಅಲ್ಲೇ ನಿಂತರು.

ಆ ಚಪ್ಪಲಿಯ ಎಡಪಟ್ಟಿಯನ್ನು ಕೆಂಪು ದಾರದಲ್ಲಿ ಹೊಲಿದವರು ಅವರೇ. ಆ ಹೊಲಿಗೆ ನನಗೆ ಆಗ ಕಾಣಿಸಿತು.

"ನೋಡು, ಎರಡೆರಡು ಜೋಡು ಇಟ್ಟಾಳಂತ ಈಕಿ," ಎಂದರು ಗೌಡರು. "ಹಾಕ್ಕೊಂಡದ್ದು ಕಾಲಿಗೆ ಹಿಡಿಯೂದಿಲ್ಲ. ಖರೇ ಹೇಳು ಅಂದ್ರ ಹೇಳವಲ್ಲಳು. ಗ್ರಂಥಾಲಯಕ್ಕ ಬೀಗ ಹಾಕಿ ಕರಕೊಂಡು ಬಂದೀನಿ."

ಗುರುಶಾಂತವ್ವ ನನ್ನ ಕಣ್ಣು ನೋಡಿದರು. ಒಮ್ಮೆ ಗ್ರಂಥಾಲಯದ ದಿಕ್ಕಿಗೆ ಕತ್ತು ತಿರುಗಿಸಿದೆ, ಅಷ್ಟೇ. ಅವರ ಮುಖದ ಬಣ್ಣ ಇಳಿಯಿತು. ಸೊಸೆ ಎಲ್ಲಿದ್ದಾಳೆಂದು ಅವರಿಗೆ ಹೊಳೆಯಿತೆಂದು ನನಗೆ ತಿಳಿಯಿತು. ನೆಲ ಬಾಯಿಬಿಟ್ಟರೆ ಸಾಕೆನಿಸಿತು.

"ಚಪ್ಪಲಿ ನಾನ ಕೊಟ್ಟೀನ್ರಿ," ಎಂದರು ಗುರುಶಾಂತವ್ವ, ನನ್ನ ಮೇಲಿನ ಕಣ್ಣು ತೆಗೆಯದೆ. "ಶಿಲ್ಪಾನವು. ಮನ್ಯಾಗ ಇದ್ರ ಹುಡುಗಿ ಮರೆತು ಕಾಲು ಇಟ್ಟಾಳು ಅಂತ, ಹರಕಿ ಮುಗಿಯೂತನ ದೇವಿ ಮೆಟ್ಟಲಾಗ ಇಡು ಅಂತ ಈಕಿ ಕೈಯಾಗ ಕೊಟ್ಟಿದ್ದೆ. ನೀವು ಹಾಕಿಸ್ಕೊಂಡು ಬಂದೀರಿ. ಹರಕಿ ಕೆಟ್ರ ಯಾರು ಹೊಣಿ?"

ಗೌಡರು ತಟ್ಟನೆ ಎದ್ದು ನಿಂತರು. ಮೊಮ್ಮಗುವಿನ ಮಾತು ಬಂದರೆ ಅವರೂ ಮೆತ್ತಗೆ. "ನನಗೇನು ಗೊತ್ತು? ಬಾಯಿ ಬಿಟ್ಟು ಹೇಳಬೇಕಲ್ಲ ಈಕಿ!"

"ಹರಕಿ ಮಾತು ಬಾಜಾರದಾಗ ಹೇಳ್ತಾರೇನ್ರಿ? ಚಾವಿ ತರ್ರಿ, ದೇವಿಗೆ ತಪ್ಪಾತು ಅಂತ ಕೈ ಮುಗೀಬೇಕು. ಎಲ್ಲಿದ್ವೋ ಅಲ್ಲೇ ಇಟ್ಟು ಬರ್ತೀವಿ."

ಚಾವಿ ಕೈ ಬದಲಾಯಿಸಿತು. ನಾನು ಚಪ್ಪಲಿ ಬಿಚ್ಚಿ ಕೈಗೆತ್ತಿಕೊಂಡೆ.

ದಾರಿಯುದ್ದಕ್ಕೂ ಗುರುಶಾಂತವ್ವ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಬೈದಿದ್ದರೆ ಚೆನ್ನಾಗಿತ್ತು. ಬೀಗ ತೆಗೆದು, ತಮ್ಮ ಚಪ್ಪಲಿ ಮೆಟ್ಟಿಲಲ್ಲಿ ಬಿಟ್ಟು ಒಳಗೆ ಹೋದರು. ಶಿಲ್ಪಾ ಕಪಾಟಿಗೆ ಒರಗಿ ಕೂತಿದ್ದಳು, ಪುಸ್ತಕ ಎದೆಗವಚಿಕೊಂಡು. ಅತ್ತೆಯನ್ನು ನೋಡಿ ಏಳಲು ಹೋದಳು, ಕಾಲು ಬಿಡಲಿಲ್ಲ.

"ಏನೈತಿ ಅದರಾಗ?"

"ಪರೀಕ್ಷಾ ಪುಸ್ತಕ್ರಿ ಅತ್ತಿ. ಭಾನುವಾರ ಐತಿ."

"ಮತ್ತ ಹರಕಿ?"

ಶಿಲ್ಪಾ ತಲೆ ತಗ್ಗಿಸಿದಳು. ಗುರುಶಾಂತವ್ವ ಓದುಗರ ಬೆಂಚಿನ ಮೇಲೆ ಕುಸಿದು ಕೂತರು. "ಸೋಮವಾರ ಸೋಮವಾರ ನೀರೂ ಕುಡದಿಲ್ಲ ನಾ," ಎಂದರು. "ಯಾರ ಹೆಸರಿಗೆ ಹೋತು ಅದು? ನಿಮಗಿಬ್ರಿಗೂ ನಾ ಕಾಣಲೇ ಇಲ್ಲೇನ?"

ಅದು ನನಗೂ ಬಿದ್ದ ಪೆಟ್ಟು. ಗೌಡರ ಕಣ್ಣು ತಪ್ಪಿಸುವುದರಲ್ಲಿ ಈ ಹೆಂಗಸಿನ ಹಸಿವನ್ನು ನಾವು ಮರೆತಿದ್ದೆವು. ತಪ್ಪಾಯಿತೆಂದೆ. ಅವರು ಸೊಸೆಯ ಕಾಲನ್ನು ತೊಡೆಯ ಮೇಲೆಳೆದುಕೊಂಡು, ಸೀರೆಗೆ ಚುಚ್ಚಿದ್ದ ಪಿನ್ನು ತೆಗೆದು, ಮುಳ್ಳು ಕೀಳಲು ಶುರುಮಾಡಿದರು. ಶಿಲ್ಪಾ ಅತ್ತಳು. ಮುಳ್ಳಿಗೋ, ಇನ್ನೊಂದಕ್ಕೋ, ನಾನು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಗುರುಶಾಂತವ್ವ ಸೊಸೆಯ ಜೊತೆಗೇ ಬಂದರು. ತಮ್ಮ ಚಪ್ಪಲಿಯನ್ನು ಮೆಟ್ಟಿಲ ನಟ್ಟನಡುವೆ ಬಿಟ್ಟು, ಬಾಗಿಲು ಪೂರ್ತಿ ತೆರೆಸಿ, ಹೊಸ್ತಿಲಿಗೆ ಅಡ್ಡ ಕೂತು ಅವರೆಕಾಯಿ ಬಿಡಿಸಿದರು. ಎದುರಂಗಡಿಯ ಕಮಲಾಕರ ಒಮ್ಮೆ ಇಣುಕಿ ನೋಡಿ, ತನ್ನ ತಕ್ಕಡಿ ಒರೆಸತೊಡಗಿದ.

ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಹೋಗಿ ನಿಂತೆ. ಮಾರಿಕಾಂಬೆಗೆ ಉಡಿ ತುಂಬಲು ಶಿರಸಿಗೆ ಹೋಗುತ್ತೇವೆಂದು ಅತ್ತೆಯೇ ಮನೆಯಲ್ಲಿ ಹೇಳಿದ್ದರಂತೆ. ಹಿಮ್ಮಡಿಗೆ ಬಟ್ಟೆ ಸುತ್ತಿದ್ದರೂ ಶಿಲ್ಪಾ ಬರಿಗಾಲಲ್ಲೇ ಇದ್ದಳು.

"ಇವತ್ತರ ಚಪ್ಪಲಿ ಹಾಕ್ಕೊಳ್ಳಾಕ ಬಿಡ್ರಿ ಅವ್ವಾರ," ಎಂದೆ. "ಗಾಯ ಮಾಗಿಲ್ಲ."

"ಬ್ಯಾಡ. ದೇವರ ಮುಂದ ಸುಳ್ಳು ಹರಕಿ ಇಡಬಾರದು. ನಿನ್ನೆ ಗುಡಿಗೆ ಹೋಗಿ ಬೇಡಿದ್ದನ್ನ ಪರೀಕ್ಷಾಕ್ಕ ಬದಲಿ ಮಾಡಿ ಬಂದೀನಿ. ಪರೀಕ್ಷಾ ಬರದು ಹೊರಗ ಬಂದ ಮ್ಯಾಲ ಹಾಕ್ಕೋತಾಳ." ಅವರ ಚೀಲದ ಬಾಯಲ್ಲಿ ಹಸಿರು ಪಟ್ಟಿ ಕಾಣುತ್ತಿತ್ತು.

"ಮತ್ತ ಮೊಮ್ಮಗು?"

ಕೇಳಬಾರದಿತ್ತು. ಗುರುಶಾಂತವ್ವ ಬಸ್ಸು ಬರುವ ದಾರಿಯ ಕಡೆ ಮುಖ ತಿರುಗಿಸಿದರು.

"ಅದು ನನ್ನ ಹರಕಿ," ಎಂದರು. "ಅದಕ್ಕ ನಾನ ನಡೀಬೇಕು."

ಆಗ ನಾನು ಅವರ ಕಾಲು ನೋಡಿದೆ. ಅವೂ ಬರಿಗಾಲು.