ಮೀಸೆ ಮೀನಿನ ಬೆಂಡು

ಗಂಡನ ಶವಸಂಸ್ಕಾರಕ್ಕೆ ಬಂದಿದ್ದ ನೆಂಟರು ಹೊರಟುಹೋದ ಮರುದಿನ, ಬೆಳಿಗ್ಗೆ ಎಂದಿನಂತೆ ನಲ್ಲಿಯಲ್ಲಿ ನೀರು ಬಂತು. ಕೊಡ ತುಂಬಿಸಿದೆ. ಬಾಗಿಲ ಹಿಂದೆ ಅವನ ಕೈಗವಸು, ಗೋಣಿಚೀಲ, ಕೊಕ್ಕೆ ತಕ್ಕಡಿ ಹಾಗೇ ಇದ್ದವು. ಊರಿನೆದುರಿನ ದ್ವೀಪದ ದಂಡೆಗೆ ಬಂದುಬಿದ್ದ ಕಸವನ್ನು ಅವನು ತನ್ನ ಸಂಶೋಧನೆಗೆಂದು ತಿಂಗಳಿಗೊಮ್ಮೆ ಪೂರ್ತಿ ಹೆಕ್ಕಿ ತೂಗುತ್ತಿದ್ದ. ಒಂದು ಸಲ ತಪ್ಪಿದರೆ ಮುಂದಿನ ತೂಕ ಸುಳ್ಳಾಗುತ್ತದೆ ಎನ್ನುತ್ತಿದ್ದ.

ಹೊರಗೆ ಭಾವ ನಿಂತಿದ್ದರು. ಗಂಡನ ಅಣ್ಣ, ಮೀನುಗಾರ.

“ದೋಣಿ ತಯಾರಿದೆ. ಬರ್ತೀಯೇನಮ್ಮ? ಅವನ ಕಸಕ್ಕೆ ಇನ್ಯಾರು ದಿಕ್ಕು?”

ಹೋದೆ.

ದ್ವೀಪದಲ್ಲಿ ಅವನು ಅಳತೆಗೆಂದು ನೆಟ್ಟಿದ್ದ ಎರಡು ಗೂಟಗಳ ನಡುವಿನ ಮರಳಷ್ಟೇ ನಾವು ಹೆಕ್ಕಬೇಕಾದ ಜಾಗ. ಭಾವ ದೋಣಿ ಹಿಡಿದು ನೀರಲ್ಲೇ ನಿಂತರು. ನಾನು ಬಾಟಲಿ, ಮುಚ್ಚಳ, ಹಗ್ಗದ ತುಂಡು, ಒಂಟಿ ಚಪ್ಪಲಿ ಹೆಕ್ಕುತ್ತ ನಡೆದೆ. ಏನೂ ಅನ್ನಿಸಲಿಲ್ಲ.

ಎರಡನೆಯ ಗೂಟದ ಬುಡದಲ್ಲಿ, ಬಲೆ ತೇಲಿಸುವ ಬೆಂಡೊಂದು ಬಿದ್ದಿತ್ತು. ತಿರುಗಿಸಿದರೆ ನೀಲಿ ಬಣ್ಣದಲ್ಲಿ ಒಂದು ಮೀನು. ಮೀನಿಗೆ ಭಾವನದೇ ಗಿರಿಜಾ ಮೀಸೆ.

ನನ್ನ ಗಂಡ ಬರೆದದ್ದು. ಕಸ ಎತ್ತ ತೇಲುತ್ತದೆಂದು ನೋಡಲು ಹೋದ ವರ್ಷ ಭಾವನಿಂದ ಈ ಬೆಂಡು ಕೇಳಿ ತಂದು, ಇದೇ ದಂಡೆಯಿಂದ ಬಿಟ್ಟಿದ್ದ.

“ವಾಪಸ್ ಕೊಡ್ತೀನಣ್ಣ,” ಅಂದಿದ್ದ.

“ಸಮುದ್ರಕ್ಕೆ ಎಸೆದದ್ದನ್ನ ವಾಪಸ್ ಕೊಡ್ತಾನಂತೆ! ಓದಿದ್ದು ತಲೆಗೇರಿದೆ ಇವನಿಗೆ,” ಎಂದು ಭಾವ ಕಂಡಕಂಡವರಿಗೆಲ್ಲ ಹೇಳಿ ನಕ್ಕಿದ್ದರು.

ಬೆಂಡಿನ ಒಂದು ಮಗ್ಗುಲ ತುಂಬ ಮೆತ್ತನೆಯ ಕಾಂಡಗಳು, ತುದಿಯಲ್ಲಿ ಉಗುರಿನಷ್ಟು ಬಿಳಿ ಚಿಪ್ಪುಗಳು. ನೀರಲ್ಲಿ ಅದ್ದಿ ಹಿಡಿದೆ. ಚಿಪ್ಪುಗಳು ಒಂದೊಂದಾಗಿ ಬಾಯಿ ತೆರೆದವು. ಒಳಗಿಂದ ರೆಪ್ಪೆಗೂದಲಿನಂಥ ಕಾಲುಗಳು ಹೊರಬಂದು ನೀರನ್ನು ತಡಕಾಡಿದವು. ನಡುವೆ ಸಾಸಿವೆಯಷ್ಟು ಏಡಿಯೊಂದು ಓಡಿತು. ಅವನು ಬಿಟ್ಟ ಬೆಂಡಿನ ಮೇಲೆ ನಡುಸಮುದ್ರದಲ್ಲಿ ಒಂದು ಊರೇ ಕಟ್ಟಿಕೊಂಡಿತ್ತು. ಅಷ್ಟು ದೊಡ್ಡ ನೀರು. ಇಷ್ಟೇ ಇಷ್ಟು ಮರಳು. ಮತ್ತೆ ಇಲ್ಲಿಗೇ. ಮಂಡಿಯೂರಿ ನೋಡುತ್ತಲೇ ಇದ್ದೆ. ಅಲೆ ಬಂದು ಸೀರೆ ತೋಯಿಸಿದ್ದು ಆಮೇಲೆ ತಿಳಿಯಿತು.

ಭಾವ ಅತ್ತ ತಿರುಗಿ ನಿಂತಿದ್ದರು. ಬೆಂಡನ್ನು ಚೀಲದ ತಳಕ್ಕೆ ಸೇರಿಸಿ ಮನೆಗೆ ಒಯ್ಯಬಹುದಿತ್ತು. ಅವನಿಂದ ನನಗೆ ಹೊಸದಾಗಿ ಬರುವಂಥದ್ದು ಇನ್ನೇನೂ ಇರಲಿಲ್ಲ.

ಮೀಸೆಯನ್ನು ಇನ್ನೊಮ್ಮೆ ನೋಡಿದೆ. ನೀರಿಗಿಳಿದು ದೋಣಿಯ ಹತ್ತಿರ ನಡೆದೆ.

“ಭಾವ, ಇದು ನಿಮ್ಮದು. ನಿಮ್ಮ ತಮ್ಮ ವಾಪಸ್ ಕೊಡ್ತೀನಿ ಅಂದಿದ್ರಲ್ಲ.”

ಭಾವ ದೋಣಿ ಬಿಟ್ಟು ಎರಡೂ ಕೈಯಲ್ಲಿ ಬೆಂಡನ್ನು ತೆಗೆದುಕೊಂಡರು. ದೋಣಿ ಮೆಲ್ಲಗೆ ಜಾರತೊಡಗಿತು. ನಾನು ಹಗ್ಗ ಹಿಡಿದುಕೊಂಡೆ.