ಕಲ್ಲಯ್ಯನ ಕೆಮ್ಮು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ವಡಗಾವಿಯ ಯಾವುದಾದರೂ ಮಗ್ಗಕ್ಕೆ ಸಿಕ್ಕಿ ಸೀರೆಯ ಸೆರಗಾಗಿ ಹೋಗಲಿ, ಆ ಸೀರೆಯನ್ನು ನನ್ನ ಹೆಂಡತಿಯೇ ಉಟ್ಟುಕೊಂಡು ಊರೆಲ್ಲ ತಿರುಗಲಿ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಅಲ್ಲಲ್ಲಿ ಒಂದಿಷ್ಟು ಒಗ್ಗರಣೆ ಬೀಳಬಹುದು. ಬೇಳೆ ಮಾತ್ರ ಖರೇ.

ಖಾನಾಪುರ ಕಡೆಯ ಗುರುಪುತ್ರಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಹಿಡಿದು ಕೂತನೆಂದರೆ ಚಹಾದಂಗಡಿಯ ಕಿಟ್ಲಿ ಕುದಿಯುವುದನ್ನು ನಿಲ್ಲಿಸಿ ಕೇಳುತ್ತಿತ್ತು. ಅವನ ಶೃಂಗಾರದ ಪದ ಕೇಳುತ್ತ ಲೋಂಡಾದಲ್ಲಿ ರೈಲು ತಪ್ಪಿಸಿಕೊಂಡವರು ಅಲ್ಲೇ ಮದುವೆಯಾಗಿ, ಮಕ್ಕಳನ್ನು ಹೆತ್ತು, ಮೊಮ್ಮಕ್ಕಳ ಜೊತೆ ಮುಂದಿನ ರೈಲು ಹತ್ತಿದರಂತೆ. ಅಂಥವನು ಒಂದು ದಿನ ಕಂಪನಿ ಬಿಟ್ಟ. ಮೂರು ವರ್ಷ ಬರೀ ಭಜನೆ ಹಾಡಿದ, ಅದೂ ಸಾವಿನ ಮನೆಗಳಲ್ಲಿ.

ನಮ್ಮ ಕಡೆ ಲಿಂಗಾಯತರಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಮಲಗಿಸಿ ಇಡುವುದಿಲ್ಲ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹೂಮಾಲೆ ಹಾಕಿ ಕೂರಿಸುತ್ತಾರೆ. ಎದುರಿಗೆ ಭಜನೆಯವರು. ಶುರುವಾದ ಭಜನೆ ಹೆಣ ಎತ್ತುವ ತನಕ ನಿಲ್ಲಬಾರದು. ಒಬ್ಬನ ಗಂಟಲು ಒಣಗಿದರೆ ಇನ್ನೊಬ್ಬ ಎತ್ತಿಕೊಳ್ಳಬೇಕು. ಹಾಗಿರುವಾಗ ಕಣಕುಂಬಿ ಹತ್ತಿರದ ಒಂದು ಹಳ್ಳಿಯಲ್ಲಿ ಗುರುಪುತ್ರಪ್ಪ ಪದದ ನಡುವೆಯೇ ನಿಲ್ಲಿಸಿಬಿಟ್ಟ. ಮುಂದೆ ಸಾಯುವ ತನಕ ಒಂದು ಸಾಲೂ ಹಾಡಲಿಲ್ಲ. ಯಾಕೆ ಅಂತ ಕೇಳಿದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದ.

ಆ ಮೂರು ವರ್ಷದ ಕ್ಯಾಸೆಟ್‌ಗಳನ್ನೆಲ್ಲ ಕಲೆಹಾಕಿ, ಆರು ಸಿಡಿ ಮಾಡಿ, ಒಂದು ಪುಸ್ತಿಕೆ ಬರೆದು, ಸಾಗವಾನಿ ಪೆಟ್ಟಿಗೆಯಲ್ಲಿಟ್ಟು ಹೊರತಂದವನು ಬೆಳಗಾವಿ ಸದಾಶಿವನಗರದ ಪ್ರಸಾದ. ಕನ್ನಡಕದ ಅಂಗಡಿಯವನು. ಅವನು ಹುಡುಗನಾಗಿದ್ದಾಗ ಅವನ ಅಪ್ಪನ ಹೆಣದ ಮುಂದೆ ಹಾಡಿದವನು ಇದೇ ಗುರುಪುತ್ರಪ್ಪ. ಅವತ್ತು ಅಳು ನಿಂತದ್ದು ಆ ದನಿಯಿಂದ. ಆದ್ದರಿಂದ ಪ್ರಸಾದನಿಗೆ ಆ ಮೂರು ವರ್ಷ ದೇವರ ಕೋಣೆಯಿದ್ದ ಹಾಗೆ, ಚಪ್ಪಲಿ ಹಾಕಿಕೊಂಡು ಯಾರೂ ಒಳಗೆ ಬರುವ ಹಾಗಿಲ್ಲ. ಪುಸ್ತಿಕೆಯ ಕೊನೆಯ ಪುಟದಲ್ಲಿ ಅವನು ಬರೆದಿದ್ದ: ‘ಕಣಕುಂಬಿಯ ಆ ಸಾವಿನ ಮನೆಯಲ್ಲಿ ಹಾಡುಗಾರನಿಗೆ ಸಾಕ್ಷಾತ್ ಶಿವನ ದರ್ಶನವಾಯಿತು. ಇನ್ನು ಹಾಡಲು ಏನೂ ಉಳಿಯಲಿಲ್ಲ.’

ಪೆಟ್ಟಿಗೆ ಬಂದ ಮೊದಲ ಭಾನುವಾರ ಗುರುಪುತ್ರಪ್ಪನ ಅಭಿಮಾನಿಗಳೆಲ್ಲ ಪ್ರಸಾದನ ಮಾಳಿಗೆಯಲ್ಲಿ ಸೇರಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಜಾನನ ನಾಟಕದ ಪದಗಳ ಪಕ್ಷ, ಭಜನೆ ಎಂದರೆ ಅವನಿಗೆ ಉಪ್ಪಿಲ್ಲದ ಅನ್ನ.

“ಏನ ಪ್ರಸಾದಣ್ಣಾ, ಶಿವಾ ಬಂದಿದ್ನಂತ?” ಎಂದು ಅವನೇ ಶುರು ಮಾಡಿದ. “ಚಹಾ ಕುಡದ ಹೋದ್ನೋ, ಹಂಗ ಹೋದ್ನೋ?”

“ನಗಬ್ಯಾಡ ಗಜಾನನ. ಆರನೇ ಸಿಡಿ ಕಿವಿಗೊಟ್ಟ ಕೇಳು.”

“ಕೇಳೇನಿ. ಪದಾ ನಡದೈತಿ. ನಡುವ ಒಂದ ಕೆಮ್ಮು. ಪದಾ ಬಂದ್. ಅರೇ ಬಾಬಾ, ಮನಶ್ಯಾಗ ಕೆಮ್ಮು ಬಂತು, ಗಂಟಲಾ ಹೋತು, ಮುಗೀತು! ಇದಕ್ಕ ಶಿವನ್ನ ಯಾಕ ಮಳ್ಯಾಗ ಕಣಕುಂಬಿತನಾ ಎಳಕೊಂಡ ಹೋಗ್ತಿ?”

“ಆ ಕೆಮ್ಮು ಅವರದ ಅಲ್ಲ. ತಬಲಾದ ಕಲ್ಲಯ್ಯಂದು. ಬೀಡಿ ಸೇದಿ ಸೇದಿ ಅವನ ಎದಿ ಹಂಚಿನ ಭಟ್ಟಿ ಆಗಿತ್ತು.”

“ಕಲ್ಲಯ್ಯಾ ಸತ್ತ ಹೋಗ್ಯಾನ, ಅದಕ್ಕ ಅವನ ಹೆಸರ ಸಿಗತೈತಿ ನಿನಗ! ಸಾಬೀತ ಮಾಡು. ಇಲ್ಲಾಂದ್ರ ಪುಸ್ತಕದಾಗಿನ ಆ ಕಡೀ ಹಾಳಿ ಎಲ್ಲಾರ ಮುಂದ ಹರದ ಒಗೀಬೇಕು.”

ಪ್ರಸಾದನ ಕಿವಿ ಕೆಂಪಾಯಿತು. “ಹರೀತೇನಿ. ಆದ್ರ ಅದು ಕಲ್ಲಯ್ಯಂದ ಆದ್ರ ನೀ ಈ ಪೆಟಗೀನ ತಲೀಮ್ಯಾಲ ಹೊತ್ತಕೊಂಡ ಬೆಳಗಾವಿ ತುಂಬ ತಿರಗಬೇಕು.”

ಕ್ಯಾಸೆಟ್‌ಗಳ ಗೊರಗೊರ ತೆಗೆದು ಸ್ವಚ್ಛ ಮಾಡಿದ್ದು ಸ್ಟುಡಿಯೋ ಕೆಲಸದ ಮೇಘಾ. ಅವಳು ಮೂಲೆಯಿಂದ ಹೇಳಿದಳು: “ಒಂದ ಮಾತ ಹೇಳ್ಲೇನ್ರಿ? ಆ ಕೆಮ್ಮು ಹಾರ್ಮೋನಿಯಂಕಿಂತ ಹತ್ತರ ಐತಿ, ತಬಲಾಕ್ಕಿಂತನೂ ಹತ್ತರ. ಮೈಕಿಗೆ ಬಾಯಿ ಹಚ್ಚಿ ಕೆಮ್ಮಿದಂಗ. ಕಡೀಗೆ ಒಂದ ಸಣ್ಣ ಶಿಳ್ಳಿನೂ ಬರತೈತಿ.”

“ಬಾಜಾಪೆಟಗಿ ತೂತಾಗಿರಬೇಕು,” ಅಂದ ಗಜಾನನ. ಎಲ್ಲರೂ ನಕ್ಕರು. ಕೆಮ್ಮನ್ನು ಹಿಂದೆ ಮುಂದೆ ಮಾಡಿ ಮತ್ತೆ ಮತ್ತೆ ಹಾಕಿದರು. ಪದ ನಿಲ್ಲುತ್ತದೆ, ಕೆಮ್ಮು, ಆಮೇಲೆ ಯಾರೋ ಹಿರಿಯನ ದನಿ: “ನಿಲ್ಲಸಬ್ಯಾಡ್ರಿ, ಎತ್ತೂತನಾ ನಿಲ್ಲಬಾರದು, ಹಾಡ್ರಿ!” ತಬಲಾ ಮತ್ತೆ ಜೋರಾಗುತ್ತದೆ, ಊರವರೆಲ್ಲ ಹಾಡುತ್ತಾರೆ, ಅವರಲ್ಲಿ ಗುರುಪುತ್ರಪ್ಪನ ದನಿ ಇರುವುದಿಲ್ಲ. ಪರ ವಿರೋಧ ಎರಡು ಪಕ್ಷಗಳಾಗಿ ಕೂಗಾಟ ಎಷ್ಟೇರಿತೆಂದರೆ ಕೆಳಗಿನ ಮನೆಯವರು ಚುನಾವಣೆ ಬಂತೆಂದು ಗುರುತಿನ ಚೀಟಿ ಹುಡುಕತೊಡಗಿದರು. ಕೊನೆಗೆ ತೀರ್ಮಾನವಾಯಿತು: ರೆಕಾರ್ಡ್ ಮಾಡಿದ ಅಮೀನಸಾಬನನ್ನು ಪ್ರಸಾದ ಕೇಳಬೇಕು, ಆ ಸಾವಿನ ಮನೆಯವರನ್ನು ಗಜಾನನ ಹುಡುಕಬೇಕು.

ಅಮೀನಸಾಬ ವಡಗಾವಿಯಲ್ಲಿ ಪವರ್‌ಲೂಮ್ ಇಟ್ಟವನು. ಹರೆಯದಲ್ಲಿ ಟೇಪ್ ರೆಕಾರ್ಡರ್ ಹೊತ್ತುಕೊಂಡು ಗುರುಪುತ್ರಪ್ಪನ ಹಿಂದೆ ನೆರಳಿನಂತೆ ತಿರುಗಿದ್ದ. ಪ್ರಸಾದ ಹೋದಾಗ ಮಗ್ಗಗಳು ಖಡಖಡ ನಡೆದಿದ್ದವು. ಸೊಸೆ ಜೋಹರಾ ಚಹಾ ತಂದಿಟ್ಟಳು.

“ಚಾಚಾ, ಕಣಕುಂಬಿ ಕಡೆ ಪದಾ ನಿಂತ ದಿನಾ ಮೈಕ ಎಲ್ಲಿ ಇಟ್ಟಿದ್ರಿ? ಕಲ್ಲಯ್ಯನ ಬಾಜೂಕ ಹೌದಲ್ಲೋ?”

ಮುದುಕ ಕಪ್ಪನ್ನು ಕೆಳಗಿಟ್ಟ. “ಆ ಕ್ಯಾಸೆಟ್ ನಿನ್ನ ಕಡೆ ಹೆಂಗ ಬಂತು?”

“ನಿಮ್ಮ ಮೊಮ್ಮಗಳು ಸನಮ ಚೀಲಾ ತುಂಬಿ ಕೊಟ್ಲಲ್ರಿ, ಅದರಾಗ ಇತ್ತು.”

“ಯಾ ಅಲ್ಲಾ.” ಅಮೀನಸಾಬ ಮುಖವನ್ನು ಮಗ್ಗದ ಕಡೆ ತಿರುಗಿಸಿದ. “ಅವತ್ತ ಮಳಿ ಅಂದ್ರ ಮಳಿ. ಹಂಚ ಎಲ್ಲಾ ಸೋರತಿದ್ದವು. ಒಣಾ ಜಾಗಾ ಇದ್ದದ್ದ ಒಂದ, ಕೂಸಿನ ಕಾಲ ಬುಡಕ. ಮೈಕ ಅಲ್ಲೇ ಇಟ್ಟೆ.”

“ಯಾವ ಕೂಸು?”

“ಸತ್ತದ್ದ ಯಾರಂತ ತಿಳದೀ? ಮುದುಕಾ ಅಂತ ಮಾಡಿಯೇನ? ಸಣ್ಣ ಹುಡುಗ ಬೇಟಾ, ಇನ್ನಾ ಸಾಲೀಗೂ ಹೋಗ್ತಿರ್ಲಿಲ್ಲ. ನಾಯಿಕೆಮ್ಮು. ಹಳ್ಳ ತುಂಬಿ ದಾಕ್ತರ ಕಡೆ ಒಯ್ಯಾಕ ಆಗಿಲ್ಲ. ಊರ ಹಿರ್ಯಾ ಮೂಗಿನ ಮುಂದ ಹತ್ತಿ ಹಿಡದ ನೋಡಿ, ಹೋತು ಅಂದ. ಕುಂದರಿಸಿದ್ರು.”

ಪ್ರಸಾದ ಚಹಾ ಕೆಳಗಿಟ್ಟು ಮುಂದೆ ಸರಿದ. “ಮನ್ಯಾಗ ಬ್ಯಾರೆ ಹುಡುಗ್ರು ಇದ್ದಿರಬೇಕಲ್ರಿ? ಅವರು ಯಾರರ ಕೆಮ್ಮಿರಬೇಕು?”

“ಒಂದೂ ಇರ್ಲಿಲ್ಲ. ರೋಗ ಹತ್ತತೈತಿ ಅಂತ ಊರ ಹುಡುಗ್ರನೆಲ್ಲಾ ಬಾಜೂ ಊರಿಗೆ ಕಳಸಿದ್ರು.”

ಮಗ್ಗ ಖಡಖಡ ಅನ್ನುತ್ತಲೇ ಇತ್ತು.

“ತಿರಗಿ ಬರೂವಾಗ ಬಸ್ಸಿನಾಗ ಗುರುಪುತ್ರಪ್ಪಣ್ಣಾ ಕೇಳಿದ್ರು: ‘ಅಮೀನ, ನಿನಗೂ ಕೇಳಸ್ತೇನ?’ ನಾ ಅಂದೆ, ಸತ್ತ ಮೈಯಾಗಿನ ಗಾಳಿ ಹೊರಗ ಬರತೈತಿ ಅಣ್ಣಾ, ಅದ ಅಷ್ಟ. ಅವರಂದ್ರು: ‘ಹೊರಗ ಹೋಗೂ ಗಾಳಿ ಕೂಸಿನಂಗ ಕೆಮ್ಮತೈತೇನು? ನಾ ಕೇಳಿ, ನಿಲ್ಲಿಸಿ, ಎದ್ದ ಹೋಗಿ ಮುಟ್ಟಿ ನೋಡ್ಲಿಲ್ಲಲ್ಲೋ. ಹಿರ್ಯಾ ಹಾಡ್ರಿ ಅಂದಾ, ಸುಮ್ಮ ಕುಂತ್ನಲ್ಲೋ.’” ಅಮೀನಸಾಬ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಅಷ್ಟ. ಮುಂದ ಹಾಡ್ಲಿಲ್ಲ. ಹುಡುಗನ ಅವ್ವಾ ಶಿವಬಸವ್ವ ಒಳಗ ಹೆಣ್ಮಕ್ಕಳ ನಡುವ ಇದ್ಲು, ಆಕೀಗೆ ಏನೂ ಕೇಳಿಸಿಲ್ಲ. ಇನ್ನಾ ಇದ್ದಾಳ, ಖಾನಾಪುರದಾಗ. ನಿನ್ನ ಕಾಲ ಬೀಳ್ತೇನಿ, ಆಕೀಗೆ ಅದನ್ನ ಕೇಳಿಸಬ್ಯಾಡ.”

ಅಷ್ಟರಲ್ಲಿ ಪ್ರಸಾದನ ಫೋನು ಬಡಿದುಕೊಂಡಿತು. ಗಜಾನನ.

“ಸಿಕ್ಕಳಪಾ! ಹುಡುಗನ ಅವ್ವಾನ ಸಿಕ್ಕಳು! ಖಾನಾಪುರದಾಗ ಹಂಚಿನ ಕಾರಖಾನಿ ಹಿಂದ ಮನಿ. ಆಕಿ ಮುಂದ ಕುಂತೇನಿ. ನಿನ್ನ ಪುಸ್ತಕ ಓದಿ ಹೇಳಾಕತ್ತೇನಿ, ಆಮ್ಯಾಲೆ ಪದಾ ಹಚ್ಚತೇನಿ. ಹಾಳಿ ಹರ್ಯಾಕ ಕೈ ತೊಳಕೊಂಡ ಇರು!”

“ಹಚ್ಚಬ್ಯಾಡ! ಗಜ್ಯಾ, ಹಚ್ಚಬ್ಯಾಡಲೇ!” ಎಂದು ಪ್ರಸಾದ ಕಿರುಚಿದ. ಫೋನು ಆಗಲೇ ಕಟ್ಟಾಗಿತ್ತು. ತಿರುಗಿ ಹಚ್ಚಿದರೆ ಎತ್ತಲಿಲ್ಲ.

ಅವತ್ತು ಪ್ರಸಾದನ ಸ್ಕೂಟರ್ ಮಚ್ಛೆ ದಾಟುವಾಗ ನೆಲದ ಮೇಲಿತ್ತು, ದೇಸೂರು ದಾಟುವಾಗ ಇರಲಿಲ್ಲ ಎನ್ನುತ್ತಾರೆ ನೋಡಿದವರು. ಅವನ ನೆರಳು ಹಿಂದೆ ಬಿದ್ದು, ಖಾನಾಪುರಕ್ಕೆ ಆಮೇಲೆ ಬಂದು ಮುಟ್ಟಿತಂತೆ. ಪುಟ ಹೋಗಲಿ, ಪೆಟ್ಟಿಗೆ ಹೋಗಲಿ, ಎಲ್ಲ ಸುಟ್ಟು ಹೋಗಲಿ, ಆ ತಾಯಿಯ ಕಿವಿಗೆ ಅದು ಬೀಳದಿದ್ದರೆ ಸಾಕು. ದಾರಿಯುದ್ದಕ್ಕೂ ಅವನು ಬೇಡಿಕೊಂಡದ್ದು ಅದೊಂದನ್ನೇ.

ಶಿವಬಸವ್ವ ಜಗುಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಅರವತ್ತೈದು ದಾಟಿದ ಹೆಂಗಸು. ಹಂಚು ಹೊತ್ತು ಹೊತ್ತು ಹೆಗಲು ಒಂದು ಕಡೆ ಇಳಿದಿತ್ತು. ಎರಡೂ ಕಿವಿಯಲ್ಲಿ ಇಯರ್‌ಫೋನು. ಮುಖದಲ್ಲಿ ನಗು. ಗಜಾನನ ಪಕ್ಕದಲ್ಲಿ ಫೋನು ಹಿಡಿದು ಕೂತಿದ್ದ.

“ಇಂವಾನ ನೋಡ್ರಿ ಮಾವಶಿ, ಪುಸ್ತಕ ಬರದಾಂವ,” ಅಂದ ಗಜಾನನ.

“ನೀವೇನ್ರೀ?” ಇಯರ್‌ಫೋನು ತೆಗೆಯದೆ ಆಕೆ ಗಟ್ಟಿಯಾಗಿ ಮಾತಾಡಿದಳು. “ಭಾಳ ಚೊಲೋ ಬರದೀರಿ. ನಮ್ಮೂರಾಗೂ ಹಂಗ ಅಂತಿದ್ರು, ನನ್ನ ಚೆನ್ನೂನ ಮುಂದ ಶಿವಾ ಬಂದಿದ್ದಾ ಅಂತ. ಅದೊಂದ ಮಾತ ಹಿಡಕೊಂಡ ಇಷ್ಟ ವರ್ಷ ಜೀವಾ ಹಿಡದೇನ್ರಿ. ಶಿವಾನ ಬಂದ ಒಯ್ದದ್ದಕ್ಕ ನಾ ಯಾಕ ಅಳ್ಬೇಕು?”

“ಅವ್ವಾರ, ಅದನ್ನ ತಗೀರಿ, ತಗೀರಿ!” ಪ್ರಸಾದ ಕೈ ಚಾಚಿದ. ಆಕೆ ಬೇಡ ಎಂದು ಅಂಗೈ ಎತ್ತಿದಳು. ಪದ ಕೇಳುತ್ತಿದ್ದಳು. ತಲೆ ತಾಳಕ್ಕೆ ಅಲ್ಲಾಡುತ್ತಿತ್ತು.

ತಲೆ ನಿಂತಿತು.

ನಗು ಮುಖದ ಮೇಲೆಯೇ ಇತ್ತು, ಮನೆಯವರೆಲ್ಲ ಹೋದ ಮೇಲೂ ಉರಿಯುವ ದೀಪದ ಹಾಗೆ. “ಇನ್ನೊಮ್ಮಿ ಹಚ್ಚು,” ಅಂದಳು. ಗಜಾನನ ಹಚ್ಚಿದ. “ಇನ್ನೊಮ್ಮಿ.” ಹಚ್ಚಿದ.

ಆಮೇಲೆ ಆಕೆ ಇಯರ್‌ಫೋನನ್ನು ತಾನೇ ತೆಗೆದು ಮಡಿಲಲ್ಲಿಟ್ಟುಕೊಂಡಳು. “ನನ್ನ ಚೆನ್ನು ಕೆಮ್ಮಿದ್ರ ಕಡೀಗೆ ಹಿಂಗ ಸಣ್ಣ ಶಿಳ್ಳಿ ಬರ್ತಿತ್ತು,” ಅಂದಳು. “ಎತ್ತೂಕಿಂತ ಮದಲ ಒಮ್ಮಿ ಮುಟ್ಟಾಕ ಬಿಟ್ರು ನನಗ. ಮೈ ಬೆಚ್ಚಗಿತ್ತು. ಬೆಚ್ಚಗೈತಲ್ರೀ ಅಂದೆ. ಸಮೆ ದೀಪಾ ಬಾಜೂಕ ಉರದೈತಿ, ಅದಕ್ಕ ಬೆಚ್ಚಗಾಗೇತಿ ಅಂದ್ರು ಹಿರ್ಯಾರು.”

ಗಜಾನನ ಫೋನು ಬಂದ್ ಮಾಡಿದ. ಅವನಿಗೆ ಈಗ ಗೊತ್ತಾಯಿತು. ಮಣ್ಣು ಮಾಡಿದ್ದು ಉಸಿರಿದ್ದ ಕೂಸನ್ನು ಎಂಬುದು ಆ ಜಗುಲಿಯ ಮೇಲಿದ್ದ ಮೂವರಿಗೂ ಗೊತ್ತಾಯಿತು.

“ಯಾರದ್ರಿ ಆ ಕೆಮ್ಮು?” ಎಂದು ಕೇಳಿದಳು ಶಿವಬಸವ್ವ.

ಪ್ರಸಾದ ಆಕೆಯ ಕಾಲ ಬಳಿ ಕೂತ. “ಕಲ್ಲಯ್ಯಂದ್ರಿ ಅವ್ವಾರ. ತಬಲಾದ ಕಲ್ಲಯ್ಯಂದು. ಬೀಡಿ ಭಾಳ ಸೇದತಿದ್ದ.”

ಆಕೆ ಗಜಾನನನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ಪ್ರಸಾದನ ಒಂದು ಮಾತಿಗೂ ಹೌದು ಅನ್ನದ ಮನುಷ್ಯ ನೆಲ ನೋಡುತ್ತ ಅಂದ: “ಹೌದ್ರಿ ಮಾವಶಿ. ಕಲ್ಲಯ್ಯಂದ. ನಾನ ತಪ್ಪ ತಿಳಕೊಂಡಿದ್ದೆ.”

“ಇನ್ನೊಮ್ಮಿ ಅನ್ರಿ.”

“ಕಲ್ಲಯ್ಯಂದು.”

“ಕಲ್ಲಯ್ಯಂದು.”

ಆಕೆ ನಂಬಿದಳು ಅಂದುಕೊಳ್ಳಬೇಡಿ. ಹೆತ್ತವಳಿಗೆ ಕೆಮ್ಮು ಗುರುತು ಸಿಗುವುದಿಲ್ಲವೇ? ಆದರೆ ಬೆಳಗಾದರೆ ಎದ್ದು ಮುಖ ತೊಳೆಯಬೇಕಲ್ಲ, ಒಲೆ ಹೊತ್ತಿಸಬೇಕಲ್ಲ. “ನಿಮ್ಮ ಮಂದಿ ಭಾಳ ಐತಂತಲ್ರಿ,” ಅಂದಳು. “ಎಲ್ಲಾರೂ ಹಿಂಗ ಅಂತಾರೇನು?”

“ಎಲ್ಲಾರೂ ಅಂತಾರ್ರಿ.”

“ಹಂಗಾರ ಎಲ್ಲಾರ ಬಾಯಿಲೆ ಅನಸ್ರಿ. ನಾ ಕೇಳಬೇಕು.”

ಅವತ್ತಿನಿಂದ ಅಭಿಮಾನಿಗಳ ಜಗಳ ನಿಂತಿತು. ಪ್ರಸಾದ ಒಬ್ಬೊಬ್ಬರ ಮನೆಗೂ ಹೋದ. ಯಾಕೆ ಅಂತ ಕೇಳಿದವರಿಗೆ ಹೇಳಿದ, ಕೇಳಿದವರು ತಮ್ಮ ಫೋನು ಕೈಗೆತ್ತಿಕೊಂಡರು. ಮೇಘಾ ಬಾಗಿಲು ಹಾಕಿಕೊಂಡು ತನ್ನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದಳು. ಅಮೀನಸಾಬ ಮಗ್ಗ ನಿಲ್ಲಿಸಿ ಹೇಳಿದ. ಗದಗಿನಿಂದ, ಗೋವಾದಿಂದ, ಗುರುಪುತ್ರಪ್ಪನ ಒಂದು ಪದ ಕೇಳಿದವರೂ ಅರ್ಧ ಪದ ಕೇಳಿದವರೂ ಹೇಳಿ ಕಳಿಸಿದರು. ಸಂಜೆಯಾದರೆ ಶಿವಬಸವ್ವ ಜಗುಲಿಯ ಮೇಲೆ ಕೂತು ಅವನ್ನೇ ಕೇಳುತ್ತಾಳೆ. ಕಲ್ಲಯ್ಯಂದು, ಕಲ್ಲಯ್ಯಂದು, ಕಲ್ಲಯ್ಯಂದು. ಎಲ್ಲ ಮುಗಿದ ಮೇಲೆ ಫೋನು ಮಡಿಲಿಗಿಟ್ಟು ಕೇಳುತ್ತಾಳೆ: “ಇಷ್ಟ ಮಂದೀನ?”

ಸಾಲುತ್ತಿಲ್ಲ, ನೋಡಿ. ಇಲ್ಲಿಯ ತನಕ ಪುಕ್ಕಟೆ ಕೇಳಿದಿರಲ್ಲ, ಈಗ ಬಾಯಿ ತೆಗೆಯಿರಿ. ಆ ಕೆಮ್ಮು ಯಾರದು? ಮನಸ್ಸಿನಲ್ಲಿ ಅಂದರೆ ನಡೆಯುವುದಿಲ್ಲ. ಜೋರಾಗಿ ಅನ್ನಿ, ನನ್ನ ಫೋನು ಚಾಲೂ ಇದೆ.